ಸಮಿತಿ ಭಾಗ್ಯ

2020ರ ಡಿಸೆಂಬರ್ 23ರಂದು ಕರ್ನಾಟಕ ಸರ್ಕಾರವು ಆ ರಾತ್ರಿಯಿಂದಲೇ ಹತ್ತು ಗಂಟೆಯಿಂದ ಬೆಳಗಿನ ಆರು ಗಂಟೆಯವರೆಗೆ ಕರ್ಫ್ಯೂ ಎಂದು ಪ್ರಕಟಿಸಿತು. ಬ್ರಿಟನ್ನಿನಲ್ಲಿ ಕಾಣಿಸಿಕೊಂಡಿದ್ದ ಕೊರೊನಾದ ರೂಪಾಂತರಿ ತಳಿ ಅದಕ್ಕೆ ಕಾರಣ. ಪ್ರಕಟಣೆಯ ಶಾಯಿ ಆರುವ ಮೊದಲೇ ಕರ್ಫ್ಯೂ ಮರುದಿನಕ್ಕೆ ಸರಿದು, ಹತ್ತು ಗಂಟೆ ಹನ್ನೊಂದಾಗಿ, ಆರು ಗಂಟೆ ಐದಾಯಿತು. ಕ್ರಿಸ್‌ಮಸ್ ಮುನ್ನಾದಿನದ ನಡುರಾತ್ರಿಯ ಪ್ರಾರ್ಥನೆಗೆ ವಿನಾಯಿತಿ ದೊರೆಯಿತು. ಬಸ್ಸು, ಆಟೊ, ಟ್ಯಾಕ್ಸಿಗಳಿಗೂ ದೊರೆಯಿತು. ರಾತ್ರಿ ಪಾಳಿಯ ಕಾರ್ಖಾನೆಗಳಿಗೂ ದೊರೆಯಿತು. ಹಾಗಾದರೆ ಈ ಕರ್ಫ್ಯೂವಿಗೆ ಒಳಪಡುವವರು ಯಾರು ಎಂದು ಜನ ಲೆಕ್ಕ ಹಾಕುತ್ತಿರುವಾಗಲೇ, 24ರಂದು, ಜಾರಿಗೆ ಬರಲು ಇನ್ನು ಕೆಲವೇ ಗಂಟೆಗಳಿವೆ ಎನ್ನುವಾಗ, ಇಡೀ ಆದೇಶವನ್ನೇ ಹಿಂದಕ್ಕೆ ಪಡೆಯಲಾಯಿತು. ಒಂದು ರಾತ್ರಿಯನ್ನೂ ಕಾಣದ ರಾತ್ರಿ ಕರ್ಫ್ಯೂ ಎಂಬ ಕೀರ್ತಿ ಅದಕ್ಕೇ ಸಲ್ಲಬೇಕು.

ಆದರೆ ಗಮನಿಸಬೇಕಾದದ್ದು ಸಮಯದ ಹಿಂದುಮುಂದನ್ನಲ್ಲ, ಕಾರಣಗಳನ್ನು. ಕರ್ಫ್ಯೂ ಹೇರಿದಾಗ ಅದು ತಾಂತ್ರಿಕ ಸಲಹಾ ಸಮಿತಿಯ ಸಲಹೆಯಾಗಿತ್ತು. ತೆಗೆದಾಗ ಅದು ಸಾರ್ವಜನಿಕ ಅಭಿಪ್ರಾಯವಾಯಿತು. ಹೇರಿದವರು ತಜ್ಞರು, ತೆಗೆಸಿದವರು ಜನರು. ಇವರಿಬ್ಬರ ನಡುವೆ ಸರ್ಕಾರ ಅಂಚೆಯವನಂತೆ ಕಾಗದ ತಲುಪಿಸಿ ಬಂದಿತು. ಆರೂವರೆ ಕೋಟಿ ಜನರ ರಾಜ್ಯವೊಂದರಲ್ಲಿ ಎರಡು ದಿನಗಳಲ್ಲಿ ಮೂರು ನಿರ್ಧಾರಗಳು ಹೊರಬಿದ್ದರೂ ಅವುಗಳಲ್ಲಿ ಒಂದನ್ನೂ ಸರ್ಕಾರ ತೆಗೆದುಕೊಂಡಿರಲಿಲ್ಲ. ಆಡಳಿತ ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಸಾಧನೆ ಯಾವುದಿದೆಯೋ ನಾನರಿಯೆ. ಸಾರ್ವಜನಿಕ ಆರೋಗ್ಯಕ್ಕೆ ಆಪತ್ತು ಬಂದಾಗ ಸಲಹಾ ಸಮಿತಿಗಳನ್ನು ರಚಿಸುವ ನಮ್ಮ ವಿಧಾನಕ್ಕೆ ಈ ಸಾಧನೆಯ ಶ್ರೇಯಸ್ಸೆಲ್ಲ ಸಲ್ಲತಕ್ಕದ್ದು.

ಸಮಿತಿಯಲ್ಲಿದ್ದ ವೈದ್ಯರ ಬಗ್ಗೆ ನನ್ನದೇನೂ ತಕರಾರಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಡಾ. ಎಂ.ಕೆ. ಸುದರ್ಶನ್ ಅವರ ಅಧ್ಯಕ್ಷತೆಯ ಆ ಸಮಿತಿಯಲ್ಲಿ ಸಾಂಕ್ರಾಮಿಕ ರೋಗಗಳನ್ನು ಬಲ್ಲವರಿದ್ದರು, ವೈರಾಣುಗಳನ್ನು ಬಲ್ಲವರಿದ್ದರು, ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಬದುಕು ಸವೆಸಿದವರಿದ್ದರು. ಅವರು ಕೂತರು, ಅಂಕಿಅಂಶ ನೋಡಿದರು, ತಮಗೆ ತೋರಿದ್ದನ್ನು ಬರೆದುಕೊಟ್ಟರು. ವಿಡಂಬನೆಗೆ ವಸ್ತುವಾಗುವುದು ಅವರ ಬರಹವಲ್ಲ. ಆ ಬರಹ ವಿಧಾನಸೌಧದ ಮೆಟ್ಟಿಲು ಹತ್ತಿದ ಮೇಲೆ ಅದಕ್ಕೆ ಒದಗುವ ಗತಿ.

ಸಮಿತಿಯೊಂದರ ಜನ್ಮ ಹೇಗಾಗುತ್ತದೆಂಬುದನ್ನು ತಿಳಿಯಬಯಸುವವರು ಸರ್ಕಾರಿ ಆದೇಶದ ಪ್ರತಿಯೊಂದನ್ನು ಕೈಗೆತ್ತಿಕೊಂಡು ಸಾವಧಾನವಾಗಿ ಓದಬೇಕು. ಮೇಲ್ಭಾಗದಲ್ಲಿ 'ಕರ್ನಾಟಕ ಸರ್ಕಾರದ ನಡವಳಿಗಳು' ಎಂದಿರುತ್ತದೆ. ಅದರ ಕೆಳಗೆ 'ವಿಷಯ', ಅದರ ಕೆಳಗೆ 'ಓದಲಾಗಿದೆ' ಎಂಬ ಶೀರ್ಷಿಕೆಯಡಿ ಹಿಂದಿನ ಆದೇಶಗಳ, ಪತ್ರಗಳ, ಟಿಪ್ಪಣಿಗಳ ಪಟ್ಟಿ. ಯಾರು ಓದಿದರು, ಓದಿ ಏನು ತಿಳಿದುಕೊಂಡರು ಎಂಬ ವಿವರ ಅಲ್ಲಿರುವುದಿಲ್ಲ, ಓದಲಾಗಿದೆ, ಅಷ್ಟೆ. ಬಳಿಕ 'ಪ್ರಸ್ತಾವನೆ'ಯಲ್ಲಿ ರೋಗವು ಹರಡುತ್ತಿರುವ ಬಗ್ಗೆ, ಅದನ್ನು ನಿಯಂತ್ರಿಸುವುದು ಅವಶ್ಯವೆಂಬ ಬಗ್ಗೆ, ಓದುಗರಿಗೆ ಈಗಾಗಲೇ ಪತ್ರಿಕೆಗಳಿಂದ ತಿಳಿದಿರುವ ಸಂಗತಿಗಳನ್ನು ಹೇಳಿ, 'ಮೇಲಿನ ಪ್ರಸ್ತಾವನೆಯಲ್ಲಿ ವಿವರಿಸಿರುವ ಅಂಶಗಳ ಹಿನ್ನೆಲೆಯಲ್ಲಿ' ಸಮಿತಿಯನ್ನು ರಚಿಸಲಾಗುತ್ತದೆ. ಕೋಷ್ಟಕದಲ್ಲಿ ಅಧ್ಯಕ್ಷರು, ಸದಸ್ಯರು, ವಿಶೇಷ ಆಹ್ವಾನಿತರು ಮತ್ತು ಕೊನೆಯಲ್ಲಿ, ಚೌಕಟ್ಟಿನ ತಳಕ್ಕೆ ಅಂಟಿಕೊಂಡಂತೆ, ಸದಸ್ಯ ಕಾರ್ಯದರ್ಶಿ. ಸಭೆಯ ದಿನಾಂಕ ನಿಗದಿಪಡಿಸುವವರು, ನಡವಳಿ ಬರೆಯುವವರು, ಯಾವ ಸಲಹೆಯನ್ನು 'ಶಿಫಾರಸು' ಎನ್ನಬೇಕು, ಯಾವುದನ್ನು 'ಚರ್ಚಿಸಲಾಯಿತು' ಎಂದಷ್ಟೇ ಬರೆದು ಬಿಡಬೇಕು ಎಂದು ತೀರ್ಮಾನಿಸುವವರು ಈ ಕೊನೆಯ ಸಾಲಿನವರೇ. ಅನಂತರ ಅಧಿಕಾರೇತರ ಸದಸ್ಯರಿಗೆ ನಿಯಮಾನುಸಾರ ಪ್ರಯಾಣ ಭತ್ಯೆ, ದಿನಭತ್ಯೆ. ತದನಂತರ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ ಸರ್ಕಾರದ ಅಧೀನ ಕಾರ್ಯದರ್ಶಿಯವರ ಸಹಿ. ಪ್ರತಿಗಳು ಇಂತಿಂಥವರಿಗೆ, ಶಾಖಾ ರಕ್ಷಾ ಕಡತಕ್ಕೆ, ಹೆಚ್ಚುವರಿ ಪ್ರತಿಗಳು.

ರೋಗ ಹರಡುವ ದಾರಿಯನ್ನು ಯಾರು ಬಲ್ಲರೆಂದು ಊರಲ್ಲಿ ಕೇಳಿದರೆ ಜನ ಬೆರಳು ತೋರಿಸುವ ಒಬ್ಬ ವ್ಯಕ್ತಿ ಮಾತ್ರ ಈ ಕೋಷ್ಟಕಗಳಲ್ಲಿ ಸಿಗುವುದು ದುರ್ಲಭ. ಮನೆಮನೆಗೆ ಹೋಗಿ ಜ್ವರ, ಕೆಮ್ಮು ವಿಚಾರಿಸಿದವರು, ಬೇರೆ ಊರಿಂದ ಯಾರ ಮನೆಗೆ ಯಾರು ಬಂದರೆಂದು ಬರೆದುಕೊಂಡವರು, ಬಾಗಿಲಲ್ಲಿ ಬೈಗುಳ ತಿಂದವರು ಆಶಾ ಕಾರ್ಯಕರ್ತೆಯರು. ರಾಜ್ಯದಲ್ಲಿ ಅವರ ಸಂಖ್ಯೆ ಸುಮಾರು 42 ಸಾವಿರ. 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದ ದಿನಗಳಲ್ಲಿ, ಅವರು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನವನ್ನೂ ಸಾಕಷ್ಟು ರಕ್ಷಣಾ ಸಾಮಗ್ರಿಯನ್ನೂ ಕೇಳಿ ಕೆಲಸ ನಿಲ್ಲಿಸಬೇಕಾಯಿತು. ಸಲಹೆ ನೀಡಬೇಕಾದವರು ಬೀದಿಯಲ್ಲಿ ಕೂತು ಮನವಿ ಸಲ್ಲಿಸುತ್ತಿದ್ದರೆ, ಮನವಿ ಸ್ವೀಕರಿಸಬೇಕಾದವರು ಒಳಗೆ ಕೂತು ಸಲಹೆ ಸ್ವೀಕರಿಸುತ್ತಿದ್ದರು.

ಹೀಗೆ ಪಡೆದ ಸಲಹೆಯನ್ನು ಪಾಲಿಸುವುದೇ ಇಲ್ಲವೆಂದರೆ ಅದು ಅಪಚಾರವಾದೀತು. ಪಾಲಿಸುವುದಕ್ಕೂ ಒಂದು ನಿಯಮವಿದೆ, ಅದು ಯಾವ ಆದೇಶದಲ್ಲೂ ಅಚ್ಚಾಗಿಲ್ಲ, ಅಷ್ಟೆ. 2020ರ ಮೈಸೂರು ದಸರಾಕ್ಕೆ ಮುನ್ನ ಸಮಿತಿಯ ತಜ್ಞರು ಜನ ಸೇರುವುದಕ್ಕೆ ಕಡಿವಾಣ ಹಾಕಬೇಕೆಂದರು, ಸರ್ಕಾರ ತಲೆಬಾಗಿತು. ಕೊರೊನಾ ಪರೀಕ್ಷೆಗಳ ಉಸ್ತುವಾರಿ ಹೊತ್ತಿದ್ದ ಡಾ. ಸಿ.ಎನ್. ಮಂಜುನಾಥ್ ಅವರಿಂದಲೇ ದಸರಾ ಉದ್ಘಾಟನೆಯಾಯಿತು. ಅಕ್ಟೋಬರ್ 26ರ ಜಂಬೂಸವಾರಿ ಅರಮನೆಯ ಅಂಗಳವನ್ನು ದಾಟಲಿಲ್ಲ. ನೋಡಲು ಬಿಟ್ಟದ್ದು 300 ಜನರನ್ನು. ಮೊದಲ ಬಾರಿಗೆ ಅಂಬಾರಿ ಹೊತ್ತ ಅಭಿಮನ್ಯುವಿಗೆ, ಹೆಸರಿಗೆ ತಕ್ಕಂತೆ, ಕೋಟೆಯಿಂದ ಹೊರಬರುವ ದಾರಿ ಇರಲಿಲ್ಲ. ಅದೇ ವಾರ ಶಿರಾದಲ್ಲಿ ಮತ್ತು ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಉಪಚುನಾವಣೆಯ ಪ್ರಚಾರ ಭರದಿಂದ ಸಾಗಿತ್ತು. ನವೆಂಬರ್ 3ಕ್ಕೆ ಮತದಾನ. ಅಲ್ಲಿ ತೆರೆದ ವಾಹನದ ಹಿಂದೆ ನಡೆದವರನ್ನು ಯಾರೂ 300ಕ್ಕೆ ನಿಲ್ಲಿಸಲಿಲ್ಲ. ಆನೆಗೆ ಮತವಿಲ್ಲ, ಆನೆಗೆ ವಾಣಿಜ್ಯ ಮಂಡಳಿಯೂ ಇಲ್ಲ. ಆದ್ದರಿಂದ ಆನೆಯ ವಿಷಯದಲ್ಲಿ ತಜ್ಞರ ಮಾತೇ ಅಂತಿಮ.

ಮಂಡಳಿ ಇದ್ದವರ ವಿಷಯ ಬೇರೆ. 2021ರ ಏಪ್ರಿಲ್ 2ರಂದು, ಎರಡನೇ ಅಲೆ ಕಣ್ಣೆದುರಿಗೇ ಏಳುತ್ತಿದ್ದಾಗ, ಚಿತ್ರಮಂದಿರಗಳಲ್ಲಿ ಅರ್ಧದಷ್ಟು ಆಸನಗಳನ್ನು ಮಾತ್ರ ತುಂಬಬೇಕು, ಜಿಮ್‌ಗಳನ್ನು ಮುಚ್ಚಬೇಕು ಎಂದು ಆದೇಶವಾಯಿತು. ದೊಡ್ಡ ಚಿತ್ರವೊಂದು ಹಿಂದಿನ ದಿನವಷ್ಟೇ ತೆರೆಕಂಡಿತ್ತು. ಚಿತ್ರರಂಗದವರು ಹೋಗಿ ಮುಖ್ಯಮಂತ್ರಿಯವರನ್ನು ಕಂಡರು. ಮರುದಿನ, ಏಪ್ರಿಲ್ 7ರವರೆಗೆ ಚಿತ್ರಮಂದಿರದ ತುಂಬ ಜನರನ್ನು ಕೂರಿಸಬಹುದೆಂದು ಸರ್ಕಾರ ಒಪ್ಪಿತು. ಮುಂಗಡ ಟಿಕೆಟ್ ಮಾರಿದವರ ಕಷ್ಟ ನನಗೆ ಅರ್ಥವಾಗುತ್ತದೆ, ಹಾಕಿದ ಬಂಡವಾಳದ ಚಿಂತೆಯೂ ಅರ್ಥವಾಗುತ್ತದೆ. ಅವರು ಹೋಗಿ ಕೇಳಿದ್ದರಲ್ಲಿ ತಪ್ಪಿಲ್ಲ. ಏಪ್ರಿಲ್ 7ರವರೆಗೆ ಸುಮ್ಮನಿರಲು ಒಪ್ಪಿದ ವೈರಾಣುವಿನ ಪರವಾಗಿ ಆ ಮಾತುಕತೆಯಲ್ಲಿ ಯಾರು ಭಾಗವಹಿಸಿದ್ದರೆಂಬುದು ಮಾತ್ರ ಅರ್ಥವಾಗುವುದಿಲ್ಲ. ಜಿಮ್‌ನವರೂ ಮನವಿ ಮಾಡಿದರು, ಅವರಿಗೂ ಅರ್ಧ ಬಾಗಿಲು ತೆರೆಯಿತು. ಬೆಳಗಾವಿ, ಬಸವಕಲ್ಯಾಣ, ಮಸ್ಕಿಗಳಲ್ಲಿ ಏಪ್ರಿಲ್ 17ರ ಉಪಚುನಾವಣೆಗೆ ಮನವಿಯ ಅಗತ್ಯವೇ ಬೀಳಲಿಲ್ಲ.

ಇದೇ ಸಮಿತಿ 2020ರ ನವೆಂಬರ್ 30ರ ವರದಿಯಲ್ಲಿ, ಮುಂದಿನ ಜನವರಿ–ಫೆಬ್ರವರಿಯ ಹೊತ್ತಿಗೆ ಎರಡನೇ ಅಲೆ ಬರಬಹುದು, ಪರೀಕ್ಷೆಗಳನ್ನು ತಗ್ಗಿಸಬೇಡಿ, ಹಾಸಿಗೆ ಮತ್ತು ತೀವ್ರ ನಿಗಾ ಘಟಕಗಳನ್ನು ಸಜ್ಜಾಗಿಡಿ ಎಂದು ಬರೆದಿತ್ತು. ಅಲೆ ಸ್ವಲ್ಪ ತಡವಾಗಿ ಬಂತು. ಹೇಳಿದ ದಿನಕ್ಕೆ ಬಾರದ ಅತಿಥಿಯನ್ನು ನಂಬುವುದು ಹೇಗೆ ಎಂದು ಸರ್ಕಾರಕ್ಕೆ ಅನಿಸಿರಬೇಕು. ಆ ವರದಿಯಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಹೊಸವರ್ಷದ ಸಂಭ್ರಮಕ್ಕೆ ತಡೆ ಹಾಕಬೇಕೆಂಬ ಮಾತು ಮಾತ್ರ. ಹಾಸಿಗೆಗಳ ಮಾತು 'ಓದಲಾಗಿದೆ' ಪಟ್ಟಿಗೆ ಸೇರಿತು. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣಗಳು ದಾಖಲಾದವು.

ಅದಕ್ಕೆ ಒಂದು ದಿನ ಮೊದಲು ಸರ್ಕಾರ ಎಚ್ಚೆತ್ತು, ತಾನು ಬಲ್ಲ ಮದ್ದನ್ನೇ ಅರೆಯಿತು: ಹೊಣೆಯನ್ನು ಹಂಚಿತು. ಆಮ್ಲಜನಕಕ್ಕೆ ಜಗದೀಶ ಶೆಟ್ಟರ್, ರೆಮ್‌ಡೆಸಿವಿರ್ ಮೊದಲಾದ ಔಷಧಗಳಿಗೆ ಮತ್ತು ಸಿಬ್ಬಂದಿಗೆ ಅಶ್ವತ್ಥನಾರಾಯಣ, ಹಾಸಿಗೆಗಳಿಗೆ ಆರ್. ಅಶೋಕ ಮತ್ತು ಬಸವರಾಜ ಬೊಮ್ಮಾಯಿ ಇಬ್ಬರೂ, ವಾರ್‌ರೂಮು ಮತ್ತು ಸಹಾಯವಾಣಿಗೆ ಅರವಿಂದ ಲಿಂಬಾವಳಿ. ಇವರೆಲ್ಲರ ಜೊತೆಗೆ ಆರೋಗ್ಯ ಸಚಿವರೂ ಇದ್ದರೆಂಬುದನ್ನು ಮರೆಯಬಾರದು. ರೋಗಿಯೊಬ್ಬನ ಕಡೆಯಿಂದ ಇದನ್ನು ನೋಡಬೇಕು. ರಾತ್ರಿ ಎರಡು ಗಂಟೆಗೆ ಉಸಿರಾಟ ಕುಸಿಯುತ್ತಿರುವ ಅಪ್ಪನನ್ನು ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡು ಯಶವಂತಪುರದಿಂದ ಜಯನಗರಕ್ಕೆ ಸುತ್ತುತ್ತಿರುವ ಮಗನು ಮೊದಲು ಒಬ್ಬ ಸಚಿವರ ಸಹಾಯವಾಣಿಗೆ ಕರೆ ಮಾಡಬೇಕು. ಅಲ್ಲಿ ಉತ್ತರ ಸಿಕ್ಕರೆ ಇನ್ನಿಬ್ಬರು ಸಚಿವರ ಹಾಸಿಗೆ ಹುಡುಕಬೇಕು. ಹಾಸಿಗೆ ಸಿಕ್ಕರೆ ಅದಕ್ಕೆ ಬೇರೊಬ್ಬ ಸಚಿವರ ಆಮ್ಲಜನಕ ಬಂದು ಸೇರಬೇಕು. ಸೇರಿದರೆ ಮಗದೊಬ್ಬರ ಚುಚ್ಚುಮದ್ದು. ಶ್ವಾಸಕೋಶವು ಸಚಿವ ಸಂಪುಟದ ಖಾತೆ ಹಂಚಿಕೆಗೆ ಅನುಗುಣವಾಗಿ ಕೆಲಸ ಮಾಡುವುದಿಲ್ಲವೆಂಬುದನ್ನು ಹೇಳಲು ತಜ್ಞರ ಸಮಿತಿಯೇನೂ ಬೇಕಾಗಿರಲಿಲ್ಲ.

ಇದು ಹೊಸ ಪ್ರಯೋಗವೂ ಆಗಿರಲಿಲ್ಲ. 2020ರ ಮಾರ್ಚ್‌ನಲ್ಲೇ ಆರೋಗ್ಯ ಖಾತೆಯ ಶ್ರೀರಾಮುಲು ಅವರಿಗೂ ವೈದ್ಯಕೀಯ ಶಿಕ್ಷಣ ಖಾತೆಯ ಡಾ. ಕೆ. ಸುಧಾಕರ್ ಅವರಿಗೂ ನಡುವೆ ರಾಜ್ಯವನ್ನು ಭಾಗ ಮಾಡಿ, ಬೆಂಗಳೂರಿನ ಸೋಂಕು ಒಬ್ಬರಿಗೆ, ಉಳಿದ ಕರ್ನಾಟಕದ ಸೋಂಕು ಇನ್ನೊಬ್ಬರಿಗೆ ಎಂದು ಪಾಲುಪಟ್ಟಿ ಬರೆದಾಗಿತ್ತು. ದಿನದ ಅಂಕಿಅಂಶ ಓದಿಹೇಳುವ ಕೆಲಸ ಶಾಲಾ ಶಿಕ್ಷಣ ಸಚಿವರಾಗಿದ್ದ ಸುರೇಶ್ ಕುಮಾರ್ ಅವರ ಪಾಲಿಗೆ ಬಂತು. ಶಾಲೆಗಳು ಹೇಗೂ ಮುಚ್ಚಿದ್ದವು. ಜುಲೈನಲ್ಲಿ ಬೆಂಗಳೂರಿನ ಎಂಟು ವಲಯಗಳಿಗೆ ಒಬ್ಬೊಬ್ಬರನ್ನು ಉಸ್ತುವಾರಿ ಮಾಡಿದರು. ಎರಡು ಖಾತೆಗಳು ಒಬ್ಬರ ಕೈಗೆ ಬಂದದ್ದು ಅಕ್ಟೋಬರ್‌ನಲ್ಲಿ.

ಹಳೆಯ ಕಾಲವನ್ನು ಹೊಗಳುವ ಚಟ ನನಗಿಲ್ಲ. ಆದರೂ 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಮೈಸೂರು ಸಂಸ್ಥಾನ ವಿ.ಪಿ. ಮಾಧವರಾಯರೆಂಬ ಒಬ್ಬರನ್ನು ಪ್ಲೇಗ್ ಕಮಿಷನರ್ ಎಂದು ನೇಮಿಸಿದ್ದು ನೆನಪಾಗುತ್ತದೆ. ಜನರನ್ನು ಮನೆ ಬಿಡಿಸಿ ಬಿಡಾರಗಳಿಗೆ ಸಾಗಿಸಿದ ಆಗಿನ ಕ್ರಮಗಳು ಕಠೋರವಾಗಿದ್ದವು, ಅವುಗಳ ವಿರುದ್ಧ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಗಲಭೆಯೇ ಎದ್ದಿತು. ಆದರೆ ಸಿಟ್ಟಾದ ಪ್ರಜೆಗೆ ಯಾರನ್ನು ಬೈಯಬೇಕೆಂಬುದು ತಿಳಿದಿತ್ತು. 2021ರ ಪ್ರಜೆಗೆ ಆ ಸೌಕರ್ಯವೂ ಉಳಿದಿರಲಿಲ್ಲ.

ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯ ವಿಷಯದಲ್ಲಿ ನಗುವುದು ಕಷ್ಟ. 2021ರ ಮೇ 2ರಿಂದ 3ರೊಳಗೆ ಅಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕ ಮುಗಿದಿತ್ತು, ಮೈಸೂರಿನಿಂದ ಸಿಲಿಂಡರುಗಳು ಬರಬೇಕಿತ್ತು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ ಎಂಬ ಮಾತು ಸರ್ಕಾರದ ಕಡೆಯಿಂದ ಬಂತು. ಹಿರಿಯ ಐಎಎಸ್ ಅಧಿಕಾರಿಯೊಬ್ಬರ ತನಿಖೆ ನೇಮಕವಾಯಿತು. ಹೈಕೋರ್ಟು ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದಲ್ಲಿ ತನ್ನದೇ ಸಮಿತಿ ಮಾಡಿತು; ಆಮ್ಲಜನಕದ ಕೊರತೆ ಇದ್ದದ್ದು ನಿಜವೆಂದು ಆ ಸಮಿತಿ ಹೇಳಿತು. ಸರ್ಕಾರ ನ್ಯಾಯಮೂರ್ತಿ ಬಿ.ಎ. ಪಾಟೀಲರ ಏಕಸದಸ್ಯ ಆಯೋಗವನ್ನೂ ರಚಿಸಿತು. ಒಂದೇ ರಾತ್ರಿಯ ಸಾವುಗಳನ್ನು ಎಣಿಸಲು ಮೂರು ಕಡೆ ಲೇಖನಿ ಹಿಡಿದವರಿದ್ದರು. ಆ ರಾತ್ರಿ ಸಿಲಿಂಡರು ಹಿಡಿದು ಹೊರಡಬೇಕಾದವರು ಯಾರು, ಕಳುಹಿಸಬೇಕಾದವರು ಯಾರು ಎಂಬುದು ಎರಡು ಜಿಲ್ಲಾಡಳಿತಗಳ ನಡುವೆ ಬಹಳ ಕಾಲ ಚರ್ಚೆಯ ವಿಷಯವಾಗಿ ಉಳಿಯಿತು.

ಇದೆಲ್ಲ ಒಂದು ಪಕ್ಷದ ಗುಣವೆಂದು ಯಾರಾದರೂ ಸಮಾಧಾನ ಪಟ್ಟುಕೊಳ್ಳುವುದಾದರೆ ಅವರಿಗೆ 2022ರ ಜನವರಿಯನ್ನು ನೆನಪಿಸಬೇಕು. 7ರ ಶುಕ್ರವಾರ ರಾತ್ರಿಯಿಂದ ವಾರಾಂತ್ಯದ ಕರ್ಫ್ಯೂ ಜಾರಿಗೆ ಬಂತು. 9ರ ಭಾನುವಾರ, ಅಂದರೆ ಕರ್ಫ್ಯೂವಿನ ನಡುಮಧ್ಯದಲ್ಲಿ, ಆಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ಕನಕಪುರದ ಸಂಗಮದಿಂದ ಮೇಕೆದಾಟು ಪಾದಯಾತ್ರೆ ಹೊರಟಿತು. ಹೈಕೋರ್ಟು ಪ್ರಶ್ನಿಸಿದ ಬಳಿಕ 13ರಂದು ರಾಮನಗರದಲ್ಲಿ ಅದು ನಿಂತಿತು. 21ರಂದು ವಾರಾಂತ್ಯದ ಕರ್ಫ್ಯೂವೂ ನಿಂತಿತು, ಅದೂ ತಜ್ಞರೊಂದಿಗೆ ಸಭೆ ನಡೆಸಿಯೇ. ಅಧಿಕಾರದಲ್ಲಿದ್ದವರು ತಜ್ಞರನ್ನು ಮುಂದಿಟ್ಟುಕೊಂಡರು, ಅಧಿಕಾರದಲ್ಲಿಲ್ಲದವರು ಕಾವೇರಿಯನ್ನು ಮುಂದಿಟ್ಟುಕೊಂಡರು.

ಅನಂತರ ಅವರೇ ಅಧಿಕಾರಕ್ಕೆ ಬಂದರು. 2023ರ ಆಗಸ್ಟ್‌ನಲ್ಲಿ ಕೋವಿಡ್ ಕಾಲದ ಖರೀದಿಗಳಲ್ಲಿ ನಡೆದಿರಬಹುದಾದ ಅಕ್ರಮಗಳ ವಿಚಾರಣೆಗೆ ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹ ಅವರ ಆಯೋಗ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜೆಎನ್.1 ಎಂಬ ಉಪತಳಿ ಸುದ್ದಿಯಾಯಿತು. ತಾಂತ್ರಿಕ ಸಲಹಾ ಸಮಿತಿ ಈ ಬಾರಿ ಡಾ. ಕೆ. ರವಿ ಅವರ ಅಧ್ಯಕ್ಷತೆಯಲ್ಲಿ ಕೂತಿತು. ಅದರ ಮೇಲೆ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರ ನೇತೃತ್ವದಲ್ಲಿ ನಾಲ್ವರು ಸಚಿವರ ಸಂಪುಟ ಉಪಸಮಿತಿ ಕೂತಿತು. ಹಿಂದಿನ ಸಮಿತಿಗಳ ಕಾಲದ ಲೆಕ್ಕವನ್ನು ಒಂದು ಆಯೋಗ ತಪಾಸಣೆ ಮಾಡುತ್ತಿರುವಾಗಲೇ ಹೊಸ ಸಮಿತಿಗಳು ಹುಟ್ಟಿದವು. ಒಂದು ಮನೆಯಲ್ಲಿ ಅಪರಕರ್ಮವೂ ನಾಮಕರಣವೂ ಒಂದೇ ದಿನ ಬಿದ್ದರೆ ಪುರೋಹಿತರಿಗೆ ಎಷ್ಟು ಗೊಂದಲವಾದೀತೋ, ನಮ್ಮ ಸಚಿವಾಲಯಕ್ಕೆ ಆ ಗೊಂದಲ ಕಿಂಚಿತ್ತೂ ಆಗಲಿಲ್ಲ. 2024ರಲ್ಲಿ ಆಯೋಗದ ವರದಿ ಬಂತು. ವರದಿಯನ್ನು ಪರಿಶೀಲಿಸುವ ಕೆಲಸ ಅಧಿಕಾರಿಗಳಿಗೆ ಬಂತು. ಬಳಿಕ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಅಧ್ಯಕ್ಷತೆಯಲ್ಲಿ ಸಂಪುಟ ಉಪಸಮಿತಿ ಬಂತು.

ಸಮಿತಿಗಳೇ ಬೇಡವೆಂದು ನಾನು ವಾದಿಸುತ್ತಿಲ್ಲ. ಮುಂದಿನ ರೋಗ ಬಂದಾಗ ವೈರಾಣು ತಜ್ಞರನ್ನು ಕೇಳದೆ ಜ್ಯೋತಿಷಿಗಳನ್ನು ಕೇಳಬೇಕೆಂದೂ ಹೇಳುತ್ತಿಲ್ಲ. ಆ ಆಯ್ಕೆಯೂ ನಮ್ಮಲ್ಲಿ ಯಾವಾಗಲೂ ಕೈಯಳತೆಯಲ್ಲೇ ಇರುತ್ತದೆ. ಆದೇಶದ ಒಂದು ಸಾಲಿನ ಬಗ್ಗೆ ಮಾತ್ರ ನನ್ನ ವಿನಂತಿ. 2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯವನ್ನೆಲ್ಲ ಗಾಬರಿಗೊಳಿಸಿದಾಗ, ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಹತ್ತು ದಿನಗಳೊಳಗೆ ವರದಿ ನೀಡಬೇಕೆಂದು ಮುಖ್ಯಮಂತ್ರಿಯವರು ಸೂಚಿಸಿದರು. ತಜ್ಞರಿಗೆ ಯಾವಾಗಲೂ ಹೀಗೆ ಗಡುವು ಇರುತ್ತದೆ. ಸಮಿತಿಯು ಇಷ್ಟು ದಿನಗಳೊಳಗೆ ವರದಿ ಸಲ್ಲಿಸತಕ್ಕದ್ದು ಎಂದು ಬರೆಯುವ ಕೈ, ಆ ವರದಿಯನ್ನು ಸರ್ಕಾರವು ಇಷ್ಟು ದಿನಗಳೊಳಗೆ ಓದಿ, ಯಾವ ಸಲಹೆಯನ್ನು ಒಪ್ಪಿತು, ಯಾವುದನ್ನು ಬಿಟ್ಟಿತು, ಬಿಟ್ಟದ್ದು ಯಾರ ತೀರ್ಮಾನ ಎಂಬುದನ್ನು ಹೆಸರು ಸಹಿತ ಪ್ರಕಟಿಸತಕ್ಕದ್ದು ಎಂದು ಮಾತ್ರ ಬರೆಯುವುದಿಲ್ಲ. ಈ ಸಾಲನ್ನು ಸೇರಿಸುವುದಕ್ಕೆ ಹೆಚ್ಚುವರಿ ಅನುದಾನ ಬೇಕಾಗಿಲ್ಲ, ಆರ್ಥಿಕ ಇಲಾಖೆಯ ಸಹಮತಿಯೂ ಬೇಕಾಗಿಲ್ಲ. ದಿನಭತ್ಯೆಯ ಕಂಡಿಕೆಯ ಕೆಳಗೆ, ಅಧೀನ ಕಾರ್ಯದರ್ಶಿಯವರ ಸಹಿಗಿಂತ ಮೇಲೆ, ಎರಡು ಬೆರಳಿನಷ್ಟು ಜಾಗ ಖಾಲಿಯಿದೆ.